ಹೆಗಲಿಗೆ ತಕ್ಕ ರೈಫಲ್: ಒದೆತವನ್ನು ಲೆಕ್ಕ ಹಾಕಿ ಹೋಲಿಸುವ ಕ್ರಮ

ಮಂಗಳೂರು, ಉಡುಪಿ ಕಡೆಯ ಕೃಷಿಕರ ಮನೆಯಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಕೋವಿ ಎಂದರೆ ಹೆಚ್ಚಾಗಿ 12 ಬೋರಿನ ತೋಟೆ ಕೋವಿಯೇ. ಅದರ ಒದೆತದ, ಅಂದರೆ ಗುಂಡು ಹಾರುವಾಗ ಕೋವಿ ಹಿಂದಕ್ಕೆ ಬಂದು ಹೆಗಲಿಗೆ ಕೊಡುವ ಪೆಟ್ಟಿನ, ಅಭ್ಯಾಸವಿರುವವರು ದೊಡ್ಡ ರೈಫಲ್ ಕೊಳ್ಳಲು ಹೊರಟಾಗ, ಅಥವಾ ಇಲ್ಲಿಂದ ಹೋಗಿ ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ನೆಲೆಸಿದವರು ಅಲ್ಲಿನ ಕಾನೂನಿನಂತೆ ಜಿಂಕೆ ಬೇಟೆಗೆ ಮೊದಲ ರೈಫಲ್ ಆರಿಸುವಾಗ, ಒದೆತವನ್ನು ಮರೆತು ಗುಂಡಿನ ವೇಗ ಮತ್ತು ಬಲವನ್ನಷ್ಟೇ ನೋಡಿ ನಿರ್ಧರಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣ ಬೇಟೆಗೆ ಅವಕಾಶವಿಲ್ಲ. ಕೋವಿಯ ಪರವಾನಗಿ ಇದ್ದ ಮಾತ್ರಕ್ಕೆ ತೋಟಕ್ಕೆ ಬಂದ ಪ್ರಾಣಿಗೆ ಈಡು ಹೊಡೆಯುವ ಹಕ್ಕು ಬರುವುದಿಲ್ಲ. ಅಲ್ಲದೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಬಳಿಕ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ, ಆಯ್ಕೆ ತಪ್ಪಿದರೆ ಇನ್ನೊಂದು ತಂದು ಸರಿಪಡಿಸಿಕೊಳ್ಳೋಣವೆಂದರೆ ಅದು ಸುಲಭವಲ್ಲ.

ಒದೆತವನ್ನು ಅಂಕಿಯಲ್ಲಿ ಹಿಡಿಯಲು ನಾಲ್ಕು ಸಂಗತಿಗಳು ಬೇಕು: ಗುಂಡಿನ ತೂಕ, ನಳಿಗೆಯ ಬಾಯಿಯಲ್ಲಿ ಅದರ ವೇಗ, ತೋಟೆಯೊಳಗಿನ ಮದ್ದಿನ ತೂಕ ಮತ್ತು ರೈಫಲಿನ ತೂಕ. ಮೊದಲೆರಡು ತೋಟೆಯ ಪೆಟ್ಟಿಗೆಯ ಮೇಲೆಯೋ ತಯಾರಕರ ಪಟ್ಟಿಯಲ್ಲಿಯೋ ಗ್ರೇನ್ ಮತ್ತು ಅಡಿಗಳಲ್ಲಿ ಇರುತ್ತವೆ, ಗ್ರೇನನ್ನು 0.0648ರಿಂದ ಗುಣಿಸಿದರೆ ಗ್ರಾಂ, ಅಡಿಯನ್ನು 0.3048ರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ. ಮದ್ದಿನ ತೂಕವನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದಿಲ್ಲ, ಆದರೆ ತೋಟೆ ತುಂಬುವವರ ಕೈಪಿಡಿಗಳಲ್ಲಿ ಪ್ರತಿ ಕ್ಯಾಲಿಬರಿಗೂ (ತೋಟೆಯ ಅಳತೆಗೂ) ಕೊಟ್ಟಿರುವ ಸಾಮಾನ್ಯ ಪ್ರಮಾಣ ಹೋಲಿಕೆಯ ಮಟ್ಟಿಗೆ ಸಾಕು. ರೈಫಲಿನ ತೂಕಕ್ಕೆ ಮಾತ್ರ ಪಟ್ಟಿಯನ್ನು ನಂಬಬಾರದು. ದೂರದರ್ಶಕ, ಅದರ ಹಿಡಿಕೆ, ಹೆಗಲಿಗೆ ಹಾಕುವ ಪಟ್ಟಿ ಎಲ್ಲವನ್ನೂ ಜೋಡಿಸಿ, ತೋಟೆ ಇಲ್ಲವೆಂದು ಎರಡು ಸಲ ನೋಡಿಕೊಂಡು, ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿಯ ಮೇಲೆಯೇ ಇಟ್ಟರೆ ನಿಜವಾದ ಅಂಕಿ ಸಿಗುತ್ತದೆ. ಪಟ್ಟಿಯಲ್ಲಿದ್ದುದಕ್ಕಿಂತ ಅರ್ಧ ಕಿಲೋ ಹೆಚ್ಚು ಬಂದರೆ ಅಚ್ಚರಿಪಡಬೇಕಾಗಿಲ್ಲ.

ಲೆಕ್ಕದ ಕ್ರಮ ಹೀಗಿದೆ. ಗುಂಡಿನ ತೂಕವನ್ನು ಕಿಲೋದಲ್ಲಿ ಬರೆದು ವೇಗದಿಂದ ಗುಣಿಸಬೇಕು. ಮದ್ದು ಸುಟ್ಟು ಬರುವ ಅನಿಲ ಗುಂಡಿಗಿಂತಲೂ ವೇಗವಾಗಿ ಹೊರಬೀಳುವುದರಿಂದ ಮದ್ದಿನ ತೂಕವನ್ನು ಗುಂಡಿನ ವೇಗದ 1.75 ಪಟ್ಟಿನಿಂದ ಗುಣಿಸಬೇಕು. ಭಾರೀ ರೈಫಲುಗಳಿಗೆ ಬಳಸುವ ಗುಣಕವಿದು, ತೋಟೆ ಕೋವಿಗೆ 1.5 ಇಟ್ಟುಕೊಳ್ಳುತ್ತಾರೆ. ಎರಡನ್ನೂ ಕೂಡಿಸಿ ಬಂದುದನ್ನು ರೈಫಲಿನ ತೂಕದಿಂದ ಭಾಗಿಸಿದರೆ ರೈಫಲ್ ಹಿಂದಕ್ಕೆ ಬರುವ ವೇಗ ಸಿಗುತ್ತದೆ. ಆ ವೇಗದ ವರ್ಗವನ್ನು ರೈಫಲಿನ ತೂಕದಿಂದ ಗುಣಿಸಿ ಅರ್ಧ ಮಾಡಿದರೆ ಒದೆತದ ಶಕ್ತಿ ಜೂಲುಗಳಲ್ಲಿ ದೊರೆಯುತ್ತದೆ.

1906ರ .30-06 ಕ್ಯಾಲಿಬರನ್ನೇ ತೆಗೆದುಕೊಳ್ಳೋಣ. 180 ಗ್ರೇನಿನ ಗುಂಡೆಂದರೆ 11.66 ಗ್ರಾಂ, ವೇಗ ಸೆಕೆಂಡಿಗೆ 823 ಮೀಟರ್, ಮದ್ದು ಸುಮಾರು 3.6 ಗ್ರಾಂ, ರೈಫಲ್ 3.6 ಕಿಲೋ. ಗುಂಡಿನ ಪಾಲು 9.6, ಅನಿಲದ ಪಾಲು 5.2, ಒಟ್ಟು 14.8. ರೈಫಲ್ ಸೆಕೆಂಡಿಗೆ 4.1 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ, ಶಕ್ತಿ ಸುಮಾರು 30 ಜೂಲ್. ಈಗ 32 ಗ್ರಾಂ ಚರೆಯನ್ನು, ಅದರ ಹಿಂದಿನ ವ್ಯಾಡ್ ಎಂಬ ಅಡಕವನ್ನೂ ಸೇರಿಸಿ ಸುಮಾರು 35 ಗ್ರಾಮನ್ನು, ಸೆಕೆಂಡಿಗೆ 370 ಮೀಟರ್ ವೇಗದಲ್ಲಿ ಹಾರಿಸುವ 3.2 ಕಿಲೋ ತೂಕದ 12 ಬೋರ್ ಕೋವಿಗೆ ಇದೇ ಲೆಕ್ಕ ಹಾಕಿದರೆ ಅದೂ ಹೆಚ್ಚುಕಡಿಮೆ 30 ಜೂಲ್ ಬರುತ್ತದೆ. ತೋಟೆ ಕೋವಿ ಬಳಸಿದವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಇಲ್ಲ: .30-06 ಅವರ ಹೆಗಲಿಗೆ ಹೊಸದೇನೂ ಅಲ್ಲ, ಅದರಿಂದ ಮೇಲಕ್ಕೆ ಹೋಗುವ ಪ್ರತಿಯೊಂದೂ ಹೊಸದು.

ಮೇಲಕ್ಕೆ ಹೋದಾಗ ಏನಾಗುತ್ತದೆ ಎಂಬಲ್ಲಿಯೇ ಜಾಗ್ರತೆ ಬೇಕು. 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಮ್ ಅದೇ 11.66 ಗ್ರಾಮಿನ ಗುಂಡನ್ನು ಸೆಕೆಂಡಿಗೆ ಸುಮಾರು 902 ಮೀಟರ್ ವೇಗದಲ್ಲಿ ಕಳಿಸುತ್ತದೆ. ವೇಗ ಶೇಕಡಾ 10ರಷ್ಟು, ಗುಂಡಿನ ಶಕ್ತಿ ಶೇಕಡಾ 20ರಷ್ಟು ಹೆಚ್ಚಿತು. ಆದರೆ ಮದ್ದು 4.7 ಗ್ರಾಮಿಗೆ ಏರಿತು, 3.6 ಕಿಲೋ ತೂಕದ ರೈಫಲಿನಲ್ಲಿ ಒದೆತ 30ರಿಂದ ಸುಮಾರು 45 ಜೂಲಿಗೆ ಜಿಗಿಯಿತು, ಎಂದರೆ ಶೇಕಡಾ 47ರಷ್ಟು ಏರಿತು. ಗುರಿಯ ಕಡೆ ಸಿಕ್ಕಿದ ಲಾಭದ ಎರಡು ಪಟ್ಟಿಗಿಂತ ಹೆಚ್ಚನ್ನು ಹೆಗಲು ತೆರುತ್ತದೆ. ದೂರದ ಬಯಲಿನಲ್ಲಿ ದೊಡ್ಡ ಪ್ರಾಣಿಗೆ ಗುರಿಯಿಡಬೇಕಾದವರಿಗೆ ಆ ಬೆಲೆ ಸಲ್ಲಬಹುದು. ಇನ್ನೂರು ಮೀಟರಿನೊಳಗೆ ಜಿಂಕೆಗೆ ಗುರಿಯಿಡುವವರಿಗೆ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥವರು ಮೇಲಕ್ಕಲ್ಲ, ಕೆಳಕ್ಕೆ ನೋಡುವುದು ಲೇಸು. 1892ರ ಸೆವೆನ್ ಎಂಎಂ ಮೌಸರ್, ಅಂದರೆ ನಮ್ಮಲ್ಲಿ .275 ಎಂದು ಕರೆಯುವ ಕ್ಯಾಲಿಬರ್, 9 ಗ್ರಾಮಿನ ಗುಂಡಿನೊಂದಿಗೆ ಅದೇ ತೂಕದ ರೈಫಲಿನಲ್ಲಿ 18 ಜೂಲಿನಷ್ಟು ಮಾತ್ರ ಒದೆಯುತ್ತದೆ.

ಇನ್ನೂ ದೊಡ್ಡವುಗಳ ಮಾತು ಬೇರೆ. ಆಫ್ರಿಕದ ಹಲವು ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗಳಿಗೆ ಕನಿಷ್ಠವೆಂದು ಎಣಿಸುವ, 1912ರ .375 ಎಚ್ ಆ್ಯಂಡ್ ಎಚ್ ಮ್ಯಾಗ್ನಮ್ 4.1 ಕಿಲೋ ರೈಫಲಿನಲ್ಲಿ ಸುಮಾರು 57 ಜೂಲ್, 1956ರ .458 ವಿಂಚೆಸ್ಟರ್ ಮ್ಯಾಗ್ನಮ್ ಸುಮಾರು 80 ಜೂಲ್ ಒದೆಯುತ್ತವೆ. ಕಾನೂನು ಕೇಳದ ಹೊರತು ಹೊಸಬರು ಇವುಗಳ ಹತ್ತಿರ ಹೋಗಬೇಕಾಗಿಲ್ಲ.

ಅಂಗಡಿಯಲ್ಲಿ ಹಗುರವಾದ ರೈಫಲ್ ಎತ್ತಿದ ಕೂಡಲೇ ಮನಸ್ಸು ಒಲಿಯುತ್ತದೆ. ಅದೇ ತೋಟೆಗೆ ರೈಫಲ್ ಹಗುರವಾದಷ್ಟೂ ಒದೆತ ಏರುತ್ತದೆ ಎಂಬುದನ್ನು ಆಗ ನೆನಪಿಡಬೇಕು: .30-06ನ್ನು 3.6 ಕಿಲೋ ಬದಲು 3 ಕಿಲೋ ರೈಫಲಿನಲ್ಲಿ ಹಾಕಿದರೆ 30 ಜೂಲ್ 36 ಆಗುತ್ತದೆ. ಆದ್ದರಿಂದ ಎರಡು ಕ್ಯಾಲಿಬರುಗಳನ್ನು ಹೋಲಿಸುವಾಗ ಮೊದಲು ಒಂದೇ ತೂಕದ ರೈಫಲಿಗೆ ಲೆಕ್ಕ ಹಾಕಿ, ಆಮೇಲೆ ನೀವು ಕೊಳ್ಳಬಯಸುವ ರೈಫಲಿನ ತೂಕಕ್ಕೆ ಹಾಕಬೇಕು.

ಜೂಲ್ ಸಮವಿದ್ದರೂ ಎರಡು ರೈಫಲುಗಳು ಒಂದೇ ರೀತಿ ಒದೆಯಬೇಕೆಂದಿಲ್ಲ. ಹಿಂದೆ ಬರುವ ವೇಗ ಹೆಚ್ಚಾದಷ್ಟೂ ಪೆಟ್ಟು ಚುರುಕಾಗಿ ತಾಗುತ್ತದೆ, ಕಡಿಮೆಯಾದಾಗ ನೂಕಿದಂತೆ ಇರುತ್ತದೆ. ಹಾಗಾಗಿ ಆ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಹೆಗಲಿಗೆ ಒತ್ತಿ ಹಿಡಿಯುವ ರೈಫಲಿನ ಹಿಂಭಾಗದ ಮರದ ಆಕಾರದ ಪಾತ್ರವೂ ದೊಡ್ಡದು. ಕೆನ್ನೆ ತಾಗುವ ಭಾಗ ನಳಿಗೆಯ ರೇಖೆಗಿಂತ ತುಂಬ ಕೆಳಗಿದ್ದರೆ ರೈಫಲಿನ ಮೂತಿ ಮೇಲೆದ್ದು, ಮರ ಕೆನ್ನೆಯ ಮೂಳೆಗೆ ಬಡಿಯುತ್ತದೆ. ಹಿಂಬದಿ ಕಿರಿದಾಗಿ, ಉಕ್ಕಿನ ತಟ್ಟೆ ಇರುವ ಹಳೆಯ ರೈಫಲುಗಳು ಅದೇ ಶಕ್ತಿಯನ್ನು ಚಿಕ್ಕ ಜಾಗಕ್ಕೆ ಒತ್ತುತ್ತವೆ. ಅಲ್ಲಿ ರಬ್ಬರಿನ ಮೆತ್ತೆ ಇದ್ದರೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಕರಾವಳಿಯ ಸೆಕೆ, ತೇವಗಳಲ್ಲಿ ವರ್ಷಗಟ್ಟಲೆ ಕಪಾಟಿನಲ್ಲಿದ್ದ ಮೆತ್ತೆ ಗಟ್ಟಿಯಾಗಿರುತ್ತದೆ, ಇಲ್ಲವೇ ಅಂಟಂಟಾಗಿ ಪುಡಿಯುದುರುತ್ತದೆ. ಎರಡೂ ಸಂದರ್ಭಗಳಲ್ಲಿ ಬದಲಾಯಿಸುವುದೊಂದೇ ದಾರಿ. ಇಲ್ಲಿ ತೆಳುವಾದ ಅಂಗಿಯಲ್ಲಿ ಹೆಗಲಿಗಿಟ್ಟು ಸರಿಯೆನಿಸಿದ ಮರದ ಉದ್ದ, ಚಳಿದೇಶದ ದಪ್ಪ ಕೋಟಿನ ಮೇಲೆ ಉದ್ದವಾಗಿ, ಮೆತ್ತೆ ಹೆಗಲಿನ ಗುಳಿಯಿಂದ ತೋಳಿನ ಕಡೆಗೆ ಜಾರುತ್ತದೆ. ಎಲ್ಲಿ ಬಳಸುತ್ತೀರೋ ಅಲ್ಲಿನ ಬಟ್ಟೆಯಲ್ಲೇ ಅಳತೆ ನೋಡಬೇಕು. ಭಾರೀ ಕ್ಯಾಲಿಬರಿನ ರೈಫಲಿಗೆ ದೂರದರ್ಶಕ ಹಾಕುವುದಾದರೆ ಕಣ್ಣಿಗೂ ಗಾಜಿಗೂ ನಡುವೆ 9 ಸೆಂಟಿಮೀಟರಿಗಿಂತ ಕಡಿಮೆ ಅಂತರ ಬೇಡ. ಅಂತರ ಕಡಿಮೆಯಾದರೆ ಒದೆತಕ್ಕೆ ದೂರದರ್ಶಕ ಹಿಂದೆ ಬಂದು ಹುಬ್ಬು ಸೀಳುತ್ತದೆ.

ನಳಿಗೆಯ ತುದಿಗೆ ಹಾಕುವ ಮಜಲ್ ಬ್ರೇಕ್ ಅನಿಲವನ್ನು ಬದಿಗೆ ತಿರುಗಿಸಿ ಒದೆತವನ್ನು ಗಮನಾರ್ಹವಾಗಿ ತಗ್ಗಿಸುತ್ತದೆ, ಮದ್ದು ಹೆಚ್ಚಿರುವ ಮ್ಯಾಗ್ನಮ್‌ಗಳಲ್ಲಿ ಇನ್ನೂ ಹೆಚ್ಚು. ಆದರೆ ಅದು ಸದ್ದನ್ನು ಹಾರಿಸುವವರ ಮತ್ತು ಪಕ್ಕದವರ ಕಿವಿಗೆ ತಿರುಗಿಸುತ್ತದೆ. ಕಿವಿ ಒಮ್ಮೆ ಕೆಟ್ಟರೆ ಮರಳುವುದಿಲ್ಲವಾದ್ದರಿಂದ, ಬ್ರೇಕ್ ಹಾಕಿಯೇ ಸಹಿಸಬೇಕಾದ ಕ್ಯಾಲಿಬರಿಗಿಂತ ಬ್ರೇಕ್ ಇಲ್ಲದೆ ಸಹಿಸಬಹುದಾದ ಚಿಕ್ಕ ಕ್ಯಾಲಿಬರನ್ನೇ ನಾನು ಒಪ್ಪುತ್ತೇನೆ.

ಲೆಕ್ಕ ಮುಗಿದ ಮೇಲೆ ಪರೀಕ್ಷೆ ಉಳಿಯುತ್ತದೆ. ಅನುಮತಿಯಿರುವ ಶೂಟಿಂಗ್ ರೇಂಜಿನಲ್ಲಿ, ಕಿವಿಗೆ ರಕ್ಷಣೆ ಹಾಕಿಕೊಂಡು, ಅದೇ ಕ್ಯಾಲಿಬರಿನ ರೈಫಲನ್ನು ಮೊದಲು ನಿಂತು ಹಾರಿಸಿ. ಮೇಜಿಗೆ ಒರಗಿ ಕುಳಿತಾಗ ದೇಹ ಹಿಂದೆ ವಾಲಲಾರದೆ ಒದೆತವೆಲ್ಲ ಹೆಗಲಿಗೇ ಇಳಿಯುತ್ತದೆ. ಬಳಿಕ ಜೊತೆಗಿರುವವರು ನಿಮಗೆ ಕಾಣದಂತೆ ಕೆಲವು ಸಲ ನಿಜವಾದ ತೋಟೆಯನ್ನೂ ಕೆಲವು ಸಲ ಮದ್ದಿಲ್ಲದ ಅಭ್ಯಾಸದ ತೋಟೆಯನ್ನೂ ತುಂಬಿ ಕೊಡಲಿ. ಮದ್ದಿಲ್ಲದ ತೋಟೆಯ ಮೇಲೆ ಕುದುರೆ ಎಳೆದಾಗ ರೈಫಲಿನ ಮೂತಿ ಅಲುಗದೆ ನಿಂತರೆ ಆ ಕ್ಯಾಲಿಬರ್ ನಿಮಗೆ ಒಗ್ಗುತ್ತದೆ. ಮೂತಿ ಕೆಳಕ್ಕೆ ಕುಸಿದರೆ, ಕಣ್ಣು ಮುಚ್ಚಿಕೊಂಡರೆ, ಹೆಗಲು ತಾನಾಗಿ ಮುಂದೆ ನುಗ್ಗಿದರೆ ದೇಹ ಆಗಲೇ ಬೆಚ್ಚುವುದನ್ನು ಕಲಿತಿದೆ ಎಂದರ್ಥ. ಆಗ ಆ ದಿನಕ್ಕೆ ಅದನ್ನು ಕೆಳಗಿಟ್ಟು, .22 ರೈಫಲಿನಲ್ಲಿ ಉಸಿರು, ಬೆರಳುಗಳನ್ನು ಮತ್ತೆ ಹದಕ್ಕೆ ತಂದುಕೊಂಡು, ಇನ್ನೊಂದು ದಿನ ಒದೆತದ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗಿನ ಕ್ಯಾಲಿಬರಿನಿಂದ ಇದೇ ಪರೀಕ್ಷೆಯನ್ನು ಮಾಡಬೇಕು.