ರಷ್ಯಾದ ಅರಮನೆಯ ಪಿಂಗಾಣಿ ತಟ್ಟೆಯನ್ನು ಪರೀಕ್ಷಿಸುವ ಕ್ರಮ

ರಷ್ಯಾದ ಚಕ್ರವರ್ತಿಗಳ ಅರಮನೆಗೆ ಸೇರಿದ್ದೆಂದು ಹರಾಜಿಗೆ ಬರುವ ತಟ್ಟೆಯನ್ನು ಕಂಡೊಡನೆ ಅದನ್ನು ಮಗುಚಿ ತಳದ ಮುದ್ರೆಯನ್ನು ನೋಡುವುದು ವಾಡಿಕೆ. ತಟ್ಟೆ ಯಾರ ಆಳ್ವಿಕೆಯಲ್ಲಿ ತಯಾರಾಯಿತೆಂಬುದನ್ನು ಮುದ್ರೆ ಹೇಳುತ್ತದೆ. ಯಾವ ಭೋಜನದ ಸೆಟ್‌ಗೆ ಸೇರಿದ್ದೆಂಬುದನ್ನು ಮುಖದ ಚಿತ್ತಾರವೇ ಹೇಳಬೇಕು. ಇವೆರಡನ್ನೂ ಬೇರೆ ಬೇರೆಯಾಗಿ ಓದಿ, ಆಮೇಲೆ ತಾಳೆ ನೋಡಿ.

ಈ ಪಾತ್ರೆಗಳು ತಯಾರಾಗುತ್ತಿದ್ದುದು 1744ರಲ್ಲಿ ಸಾಮ್ರಾಜ್ಞಿ ಎಲಿಜಬೆತ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಆರಂಭಿಸಿದ ಕಾರ್ಖಾನೆಯಲ್ಲಿ. ಮುದ್ರೆಯಲ್ಲಿ ಸಾಮಾನ್ಯವಾಗಿ ಅರಸರ ಹೆಸರಿನ ಮೊದಲ ಅಕ್ಷರ, ರೋಮನ್ ಅಂಕಿ ಮತ್ತು ಕಿರೀಟ ಇರುತ್ತವೆ. ಇಂಗ್ಲಿಷಿನ ಎಚ್‌ನಂತೆ ಕಾಣುವ ಅಕ್ಷರ ರಷ್ಯನ್ ಲಿಪಿಯ ‘ನ’, ಅಂದರೆ ನಿಕೊಲಾಯ್ ಹೆಸರಿನದು. ಒಂದನೆಯ ನಿಕೊಲಾಯ್ ಕಾಲದ ಮುದ್ರೆ ನೀಲಿ. ಎರಡನೆಯ ನಿಕೊಲಾಯ್ ಕಾಲದ್ದು ಹಸಿರು, ಅದರ ಜೊತೆಗೆ ಇಸವಿಯೂ ಇರುತ್ತದೆ. ಇವು ಮೆರುಗಿನ (ಪಿಂಗಾಣಿಯ ಮೇಲಿನ ಗಾಜಿನಂಥ ಹೊಳಪಿನ ಪದರ) ಅಡಿಯಲ್ಲಿರುವುದರಿಂದ ಬೆರಳಾಡಿಸಿದರೆ ಉಬ್ಬು ತಗಲಬಾರದು.

ಚಿತ್ತಾರಕ್ಕೂ ಮುದ್ರೆಗೂ ಕಾಲ ಹೊಂದದಿದ್ದರೆ ತಟ್ಟೆ ನಕಲಿಯೆಂದು ಅವಸರದಲ್ಲಿ ತಳ್ಳಿಹಾಕಬೇಡಿ. ಕಲಾವಿದ ಫ್ಯೋದರ್ ಸೊಲ್ನ್‌ತ್ಸೆವ್ 1830ರ ದಶಕದಲ್ಲಿ ಮಾಸ್ಕೋದ ಕ್ರೆಮ್ಲಿನ್ ಅರಮನೆಗಾಗಿ ವಿನ್ಯಾಸಗೊಳಿಸಿದ ಕ್ರೆಮ್ಲಿನ್ ಸೆಟ್‌ಗೆ ಮುಂದಿನ ಅರಸರ ಕಾಲದಲ್ಲೂ ಅದೇ ಮಾದರಿಯ ತಟ್ಟೆಗಳು ಸೇರುತ್ತಲೇ ಇದ್ದವು. ಹಾಗೆಯೇ 1917ರ ಕ್ರಾಂತಿಯ ಬಳಿಕ ಕಾರ್ಖಾನೆಯಲ್ಲಿ ಉಳಿದಿದ್ದ ಬಿಳಿ ತಟ್ಟೆಗಳ ಮೇಲೆ ಸೋವಿಯತ್ ಕಲಾವಿದರು ಚಿತ್ರ ಬರೆದು, ಹಳೆಯ ಮುದ್ರೆಯನ್ನು ಬಣ್ಣದ ತೇಪೆಯಿಂದ ಮುಚ್ಚಿ, ಪಕ್ಕದಲ್ಲಿ ಸುತ್ತಿಗೆ-ಕುಡುಗೋಲನ್ನು ಬರೆದರು. ಅವುಗಳಿಗೆ ತಮ್ಮದೇ ಆದ ದೊಡ್ಡ ಮೌಲ್ಯವಿದೆ.

ನಿಜವಾಗಿ ಹೆದರಬೇಕಾದದ್ದು ಅಪ್ಪಟ ಮುದ್ರೆಯಿರುವ ಸಾದಾ ತಟ್ಟೆಗೆ ಬೇರೆಯವರು ಆಮೇಲೆ ಬರೆದ ಅರಮನೆಯ ಚಿತ್ತಾರಕ್ಕೆ. ಭೂತಗನ್ನಡಿ ಹಿಡಿದು, ದೀಪವನ್ನು ಓರೆಯಾಗಿಟ್ಟು, ಚಾಕು-ಫೋರ್ಕಿನ ಗೀರುಗಳನ್ನು ಹುಡುಕಿ. ಗೀರು ಬಣ್ಣವನ್ನೂ ಚಿನ್ನದ ಲೇಪವನ್ನೂ ಕೆರೆದುಕೊಂಡು ಹೋಗಿದ್ದರೆ ಚಿತ್ತಾರ ಬಳಕೆಗಿಂತ ಹಿಂದಿನದು. ಗೀರಿನೊಳಕ್ಕೇ ಬಣ್ಣ ಇಳಿದು ಕೂತಿದ್ದರೆ ಬಳಸಿದ ತಟ್ಟೆಗೆ ಆಮೇಲೆ ಬಣ್ಣ ಹಚ್ಚಿದ್ದಾರೆ. ಮೆರುಗಿನಲ್ಲಿ ಹರಡಿದ ಸಣ್ಣ ಕಪ್ಪು ಚುಕ್ಕೆಗಳೂ ಹಳೆಯ ತಟ್ಟೆಯನ್ನು ಮತ್ತೆ ಆವಿಗೆಗೆ ಹಾಕಿದ್ದರ ಸುಳಿವಾಗಿರಬಹುದು. ನನ್ನ ಮಟ್ಟಿಗೆ, ಮಾರುವವರು ತೋರಿಸುವ ಯಾವ ಪತ್ರಕ್ಕಿಂತಲೂ ಈ ಗೀರುಗಳ ಸಾಕ್ಷ್ಯ ಹೆಚ್ಚಿನದು.

ಅನುಮಾನ ಉಳಿದರೆ ವಾಷಿಂಗ್ಟನ್ನಿನ ಹಿಲ್‌ವುಡ್ ಮ್ಯೂಸಿಯಂನಲ್ಲಿರುವಂಥ ತಟ್ಟೆಗಳ ಚಿತ್ರಗಳೊಂದಿಗೆ ಅಂಚಿನ ಒಂದೊಂದು ಬಳ್ಳಿಯನ್ನೂ ಹೋಲಿಸಿ. ಕೊಂಡ ಮೇಲೆ ತಟ್ಟೆಯನ್ನು ಎರಡೂ ಕೈಗಳಿಂದ ತಳಕ್ಕೆ ಆಸರೆಕೊಟ್ಟು ಎತ್ತಿ. ಚಿನ್ನದ ಲೇಪವನ್ನು ಉಜ್ಜಬೇಡಿ, ಹುಳಿ ತಾಗಿಸಬೇಡಿ. ಒಂದರ ಮೇಲೊಂದು ಪೇರಿಸುವುದಾದರೆ ನಡುವೆ ಮೆತ್ತನೆಯ ಬಟ್ಟೆ ಇಡಿ.