ಶುಗರ್, ದಾಂಪತ್ಯ ಮತ್ತು ಒಂದು ಮಾತ್ರೆ: ನನ್ನ ಅನುಭವ

ನನಗೆ ಐವತ್ತು ದಾಟಿದೆ. ಹುಬ್ಬಳ್ಳಿಯಲ್ಲಿ ಅಂಗಡಿ ಇದೆ, ಮೈಯಲ್ಲಿ ಶುಗರ್ ಇದೆ. ನಿಮಿರುವಿಕೆ ನಡುವೆಯೇ ಇಳಿದುಹೋಗಲು ಶುರುವಾದಾಗ, ಗೋಡೆ ಮೇಲಿನ 'ಗುಪ್ತರೋಗ' ಪೋಸ್ಟರುಗಳ ನಂಬರಿಗೆ ಫೋನ್ ಮಾಡಲಿಲ್ಲ. ಶುಗರ್ ನೋಡುವ ಡಾಕ್ಟರಿಗೇ ಹೇಳಿದೆ. ಬಿಪಿ ನೋಡಿಸಿಕೊಂಡು ಹೊರಡಲು ಎದ್ದಾಗ ಅಂತೂ ಬಾಯಿಂದ ಬಂತು. "ಮತ್ತ ಕೂಡ್ರಿ" ಎಂದರು.

ಬೆಳಿಗ್ಗೆ ಏಳುವಾಗ ಗಟ್ಟಿ ಇರುತ್ತಾ ಅಂತ ಕೇಳಿದರು. ಇದ್ದರೆ ಅಂಜಿಕೆಯ ಪಾಲು ಜಾಸ್ತಿಯಂತೆ. ನನಗೆ ಅದೂ ಕಡಿಮೆಯಾಗಿತ್ತು. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ರಕ್ತನಾಳ, ನರ ಎರಡೂ ಕೆಡುತ್ತವೆ. ಶಿಶ್ನದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು. ಹಾಗಾಗಿ ಎದೆನೋವಿಗಿಂತ ಮೊದಲೇ ಅಲ್ಲಿ ತೊಂದರೆ ಕಾಣಬಹುದು. ಇಸಿಜಿ, ಕೊಲೆಸ್ಟ್ರಾಲ್, ಮೂರು ತಿಂಗಳ ಸರಾಸರಿ ಸಕ್ಕರೆ ಎಲ್ಲ ನೋಡಿಸಿದ ಮೇಲೆಯೇ ನಿಮಿರುವಿಕೆಗೆ ನೆರವಾಗುವ ಸಿಲ್ಡೆನಾಫಿಲ್ ಮಾತ್ರೆ ಬರೆದುಕೊಟ್ಟರು.

ಇದನ್ನು ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗಬೇಡಿ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯ ಜೊತೆ ಇದು ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವಕ್ಕೇ ಕುತ್ತು. ಕೆಲಸ ಮಾಡಲು ಸುಮಾರು ಒಂದು ತಾಸು ಬೇಕು. ರೊಟ್ಟಿ, ಎಣ್ಣೆಗಾಯಿ ಹೊಟ್ಟೆತುಂಬ ಉಂಡ ರಾತ್ರಿ ಇನ್ನೂ ತಡ. ಮನಸ್ಸಿಗೆ ಬೇಕು ಅನ್ನಿಸದಿದ್ದರೆ ಮಾತ್ರೆಯಿಂದ ಏನೂ ಆಗದು.

ಮನೆಯಲ್ಲಿ ಹೇಳಿದಾಗ ಗೊತ್ತಾಯಿತು, ತೊಂದರೆ ನನ್ನೊಬ್ಬನದಲ್ಲ. "ನಾ ನಿಮಗ ಬ್ಯಾಡಾಗೇನಿ ಅನ್ಕೊಂಡಿದ್ದೆರಿ" ಎಂದಳು ಹೆಂಡತಿ. ಮುಟ್ಟು ನಿಂತ ಮೇಲೆ ಅವಳಿಗೆ ಒಳಗೆ ಒಣಗಿ ಉರಿಯುತ್ತಿತ್ತಂತೆ. ನಾನು ದೂರ ಉಳಿದದ್ದು ಒಂದು ಲೆಕ್ಕದಲ್ಲಿ ಅನುಕೂಲವೇ ಆಗಿತ್ತಂತೆ! ನಾನು ನನ್ನ ಸೋಲು ಮುಚ್ಚಿಡುತ್ತಿದ್ದೆ, ಅವಳು ನೋವು ಮುಚ್ಚಿಡುತ್ತಿದ್ದಳು. ಲೇಡಿ ಡಾಕ್ಟರು ಪರೀಕ್ಷಿಸಿ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನಿನ ಕ್ರೀಮು, ಜಾರಿಕೆಗೆ ಒಂದು ಜೆಲ್ ಬರೆದುಕೊಟ್ಟರು. ನನ್ನ ಮಾತ್ರೆಗಿಂತ ಅದರಿಂದಲೇ ಜಾಸ್ತಿ ಉಪಕಾರವಾಯಿತು ಅಂತ ನನ್ನ ಲೆಕ್ಕ.

ಇಬ್ಬರಿಗೂ ಇನ್ನೊಂದು ಸಲಹೆ ಸಿಕ್ಕಿತು: ಕೆಲವು ವಾರ ಕೂಡುವುದೇ ಬೇಡ, ಬರೀ ಮುಟ್ಟಿ, ಸವರಿ, ಎಲ್ಲಿ ಹಿತ ಅನ್ನುವುದನ್ನು ಬಾಯಿಬಿಟ್ಟು ಹೇಳಿ. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರ ಹೊತ್ತಿಗೆ ರೂಪಿಸಿದ ಪದ್ಧತಿಯಂತೆ. ಪಡಸಾಲೆಯಲ್ಲಿ ಅವ್ವ ಮಲಗುವ ಮನೆಯಲ್ಲಿ ಬಾಯಿಬಿಟ್ಟು ಹೇಳುವುದು ಹೇಗೆ? ಅವ್ವ ಮಠಕ್ಕೆ ಹೋದ ಹೊತ್ತು ನೋಡಿಕೊಂಡೆವು. ಆಗಲೇಬೇಕು ಅನ್ನುವ ಒತ್ತಡ ಹೋದದ್ದೇ ಅರ್ಧ ಔಷಧಿ.

ಈಗಲೂ ಕೆಲವು ರಾತ್ರಿ ಆಗುವುದಿಲ್ಲ. "ಇರ್ಲಿ ಬಿಡ್ರಿ" ಅಂತಾಳೆ, ಮಾತಾಡುತ್ತ ಮಲಗುತ್ತೇವೆ. ಉಣಕಲ್ ಕೆರೆ ದಂಡೆಯಲ್ಲಿ ಇಬ್ಬರೂ ದಿನಾ ನಡೆಯುತ್ತೇವೆ, ಸಕ್ಕರೆ ಹಿಡಿತದಲ್ಲಿದೆ. ಮಿರ್ಚಿ ಬಿಡುವುದು ಮಾತ್ರ ಇನ್ನೂ ಆಗಿಲ್ಲ.