ಮೂರು ಪಾಲಿಮರೇಸ್, ಒಂದೇ ಉಪಘಟಕ: ಆರ್‌ಪಿಬಿ6 ತೆಗೆದು ನೋಡಿದ ನನ್ನ ಅನುಭವ

ಯೀಸ್ಟ್‌ನಲ್ಲಿ ಡಿಎನ್‌ಎ ನೋಡಿ ಆರ್‌ಎನ್‌ಎ ತಯಾರಿಸುವ ಪಾಲಿಮರೇಸ್ ಯಂತ್ರಗಳು ಮೂರು: ಒಂದನೆಯದು ರೈಬೋಸೋಮ್‌ನ ಆರ್‌ಎನ್‌ಎ, ಎರಡನೆಯದು ಎಂಆರ್‌ಎನ್‌ಎ, ಮೂರನೆಯದು ಟಿಆರ್‌ಎನ್‌ಎ ಮುಂತಾದವನ್ನು ತಯಾರಿಸುತ್ತದೆ. ಮೂರರಲ್ಲೂ ಇರುವ ಒಂದು ಸಣ್ಣ ಪ್ರೋಟೀನ್ ಭಾಗ (ಉಪಘಟಕ) ಆರ್‌ಪಿಬಿ6. ಅದನ್ನು ಹಿಡಿದು ಕೂತಿದ್ದೇನೆ ಅಂದಾಗ ಕೇಳಿದವರೆಲ್ಲ ಹೇಳಿದ್ದು ಒಂದೇ: "ಅದು ಮೂರೂ ಪಾಲಿಮರೇಸ್‌ಗಳಲ್ಲಿದೆ. ತೆಗೆದರೆ ಎಲ್ಲವೂ ಬೀಳುತ್ತದೆ, ಯೀಸ್ಟ್ ಸಾಯುತ್ತದೆ. ಯಾವುದು ನೇರ ಪರಿಣಾಮ, ಯಾವುದು ಸಾಯುವ ಕೋಶದ ನರಳಾಟ ಅಂತ ಹೇಗೆ ಬೇರ್ಪಡಿಸುತ್ತೀಯ?" ಪ್ರಶ್ನೆ ಸರಿಯೇ. ಆದರೆ ಬೇರ್ಪಡಿಸಲು ಬರುತ್ತದೆ. ಬಂದಿದೆ.

ಮೊದಲು ಎಲ್ಲರ ಹಾಗೆ ಗ್ಯಾಲಕ್ಟೋಸ್ ಪ್ರೊಮೋಟರ್ (ಗ್ಯಾಲಕ್ಟೋಸ್‌ನಲ್ಲಿ ಜೀನ್ ಓಡಿಸಿ ಗ್ಲೂಕೋಸ್‌ನಲ್ಲಿ ನಿಲ್ಲಿಸುವ ಸ್ವಿಚ್) ಕೆಳಗೆ ಜೀನ್ ಇಟ್ಟು ಗ್ಲೂಕೋಸ್‌ಗೆ ಬದಲಿಸಿದೆ. ಪ್ರೋಟೀನ್ ಇಳಿಯಲು ಗಂಟೆಗಟ್ಟಲೆ ಬೇಕು, ಏಕೆಂದರೆ ಅಲ್ಲಿ ಅದು ಒಡೆಯುವುದಿಲ್ಲ, ಕೋಶ ವಿಭಜನೆಯಾದಂತೆ ಹಂಚಿಹೋಗುತ್ತದೆ ಅಷ್ಟೆ. ಮೇಲಾಗಿ ಗ್ಲೂಕೋಸ್ ಕೊಟ್ಟ ಕೂಡಲೇ ಕೋಶ ರೈಬೋಸೋಮ್ ಕಟ್ಟುವ ಕೆಲಸಕ್ಕೆ ಧಾವಿಸುತ್ತದೆ. ನಾನು ಅಳೆಯಬೇಕಾದದ್ದೇ ಅದು! ಬಳಿಕ ತಾಪಸೂಕ್ಷ್ಮ ರೂಪಾಂತರ (ಬಿಸಿ ಏರಿದರೆ ಪ್ರೋಟೀನ್ ಕೆಡುವ ತಳಿ) ಹಿಡಿದೆ. 37 ಡಿಗ್ರಿಗೆ ಏರಿಸಿದರೆ ಮಾರ್ಪಡಿಸದ ಮೂಲ ತಳಿಯಲ್ಲೂ ರೈಬೋಸೋಮ್ ಜೀನುಗಳ ಪ್ರತಿಲೇಖನ ಸ್ವಲ್ಪ ಹೊತ್ತು ಕುಸಿಯುತ್ತದೆ. ಒಂದು ವರ್ಷದ ರಾಸಾಯನಿಕದ ಹಣದಲ್ಲಿ ಮುಕ್ಕಾಲು ಪಾಲು ಈ ಎರಡರಲ್ಲೇ ಕರಗಿತು. ಸಿಕ್ಕಿದ್ದು ಚೆಂದದ ಬ್ಯಾಂಡ್‌ಗಳು, ಅರ್ಥ ಮಾತ್ರ ಇಲ್ಲ.

ಕೊನೆಗೆ ಆಕ್ಸಿನ್ ಡೆಗ್ರಾನ್‌ಗೆ ಬಂದೆ: ಪ್ರೋಟೀನ್‌ಗೆ ಒಂದು ಬಾಲ ಕಟ್ಟಿ, ಆಕ್ಸಿನ್ ಎಂಬ ಸಸ್ಯ ಹಾರ್ಮೋನ್ ಹಾಕಿದ ಕೂಡಲೇ ಕೋಶವೇ ಅದನ್ನು ಒಡೆಯುವಂತೆ ಮಾಡುವ ವಿಧಾನ. ಮೂರಕ್ಕೂ ಸೇರಿದ ಉಪಘಟಕಕ್ಕೆ ಬಾಲ ಕಟ್ಟಿದರೆ ಕೆಲಸ ಕೆಡುತ್ತದೆ ಅನ್ನುವ ಭಯ ಎಲ್ಲರದ್ದು. ಬಾಲವನ್ನು ಯಾವ ತುದಿಗೆ ಕಟ್ಟುತ್ತೀರಿ ಅನ್ನುವುದರಲ್ಲಿದೆ ವಿಷಯ. ಯೀಸ್ಟ್‌ನ ಆರ್‌ಪಿಬಿ6ರಲ್ಲಿ 155 ಅಮೈನೋ ಆಮ್ಲಗಳು. ಸಿ-ತುದಿಯ (ಸರಪಳಿಯ ಕೊನೆಯ) ಅರ್ಧವೇ ಸಂಕೀರ್ಣದೊಳಗೆ ಕೂರುವ, ಬ್ಯಾಕ್ಟೀರಿಯಾದ ಪಾಲಿಮರೇಸ್‌ನ ಒಮೆಗಾ ಉಪಘಟಕವನ್ನು ಹೋಲುವ ಭಾಗ. ಆರಂಭದ ಎನ್-ತುದಿ ಸಡಿಲ, ರಚನಾ ಚಿತ್ರಗಳಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಅಲ್ಲಿಗೆ ಕಟ್ಟಿ, ಪ್ಲಾಸ್ಮಿಡ್ ಷಫಲ್ ಮಾಡಿ 5-ಎಫ್‌ಒಎ ಪ್ಲೇಟಿಗೆ ಹಾಕಿದೆ (ಮೂಲ ಜೀನ್ ಹೊತ್ತ ಪ್ಲಾಸ್ಮಿಡ್ ಬಿಟ್ಟು, ಬಾಲ ಕಟ್ಟಿದ ಜೀನಿನಿಂದಲೇ ಬದುಕಬಲ್ಲ ಕೋಶ ಮಾತ್ರ ಅಲ್ಲಿ ಬೆಳೆಯುತ್ತದೆ). ವಸಾಹತುಗಳು ಎದ್ದವು. ದ್ವಿಗುಣಗೊಳ್ಳುವ ಅವಧಿ ತೊಂಬತ್ತು ನಿಮಿಷದಿಂದ ನೂರರ ಆಸುಪಾಸಿಗೆ ಹೋಯಿತು, ಅಷ್ಟೆ.

ಆದರೂ ಹಳೆಯ ಟಿಐಆರ್1 (ಆಕ್ಸಿನ್ ಸಿಕ್ಕಾಗ ಬಾಲ ಹಿಡಿದು ಒಡೆಸುವ ಸಸ್ಯ ಪ್ರೋಟೀನ್) ಸೋರುತ್ತದೆ. ಆಕ್ಸಿನ್ ಹಾಕುವ ಮೊದಲೇ ಪ್ರೋಟೀನ್ ಕಮ್ಮಿ ಇತ್ತು. ಅದರ ಎಫ್74ಜಿ ರೂಪಾಂತರ ಮತ್ತು ಅದಕ್ಕೆ ಹೊಂದುವ ಆಕ್ಸಿನ್ ರೂಪ 5-ಫಿನೈಲ್-ಐಎಎ ಜೋಡಿಗೆ ಬದಲಿಸಿದ ಮೇಲೆ ಸೋರಿಕೆ ನಿಂತಿತು. ಔಷಧವೂ ನೂರಾರು ಪಟ್ಟು ಕಡಿಮೆ ಸಾಕು, ಜೇಬಿಗೂ ಹಿತ.

ನಿಜವಾದ ತಲೆನೋವು ಇನ್ನೊಂದು: ಯಾವುದಕ್ಕೆ ಹೋಲಿಸಿ ಅಳೆಯುವುದು? ಬೇರೆ ಪ್ರಯೋಗದಲ್ಲಾದರೆ ಬದಲಾಗದ ಮಾನದಂಡವಾಗಿ ಎಸಿಟಿ1, ಎಸ್‌ಸಿಆರ್1 ಅಥವಾ 18ಎಸ್ ಆರ್‌ಎನ್‌ಎ ಇಟ್ಟು ಮುಗಿಸುತ್ತೀರಿ. ಇಲ್ಲಿ ಎಸಿಟಿ1 ಎರಡನೇ ಪಾಲಿಮರೇಸ್‌ನದು, ಎಸ್‌ಸಿಆರ್1 ಮೂರನೇ ಪಾಲಿಮರೇಸ್‌ನದು, 18ಎಸ್ ಒಂದನೇ ಪಾಲಿಮರೇಸ್‌ನದು. ಮೂರೂ ಒಟ್ಟಿಗೆ ಕುಸಿಯುವಾಗ ಎಲ್ಲರೂ ಒಂದೇ ದೋಣಿಯಲ್ಲಿ ಮುಳುಗಿದಂತೆ. ಪರಸ್ಪರ ನೋಡಿಕೊಂಡರೆ ಯಾರೂ ಇಳಿದಿಲ್ಲ ಅನ್ನಿಸುತ್ತದೆ. ನನಗೆ ಬಂದ ಮೊದಲ ಸೀಕ್ವೆನ್ಸಿಂಗ್ ಫಲಿತಾಂಶ ಹಾಗೇ ಇತ್ತು, ಬದಲಾವಣೆಯೇ ಇಲ್ಲದ ಸಪಾಟು ಚಿತ್ರ. ಹಾಗಾಗಿ ಹೊರಗಿನ ಅಳತೆಗೋಲಾಗಿ, 4-ಥಯೋಯುರಾಸಿಲ್ (ಹೊಸ ಆರ್‌ಎನ್‌ಎಗೆ ಹಚ್ಚುವ ಗುರುತು) ತಿನ್ನಿಸಿದ ಪಾಂಬೆ ಎಂಬ ಬೇರೆ ಜಾತಿಯ ಯೀಸ್ಟ್ ಅನ್ನು ಒಂದೇ ಸಲ ದೊಡ್ಡದಾಗಿ ಬೆಳೆಸಿ, ಹಂಚಿ ಫ್ರೀಜ್ ಮಾಡಿಟ್ಟೆ. ಕೋಶ ಎಣಿಸಿ, ಒಡೆಯುವ ಮೊದಲೇ ಪ್ರತಿ ಸ್ಯಾಂಪಲ್‌ಗೂ ಅಷ್ಟಷ್ಟೇ ಬೆರೆಸಿದೆ. ಆರ್‌ಎನ್‌ಎ ತೆಗೆದ ಮೇಲೆ ಬೆರೆಸುವವರನ್ನು ಕಂಡಿದ್ದೇನೆ. ಕೋಶವೊಂದರಲ್ಲಿ ಒಟ್ಟು ಎಷ್ಟಿತ್ತು ಅನ್ನುವ ಲೆಕ್ಕ ಅಲ್ಲಿಗೇ ಕಳೆದುಹೋಗುತ್ತದೆ.

ಎಥಿಡಿಯಮ್ ಬಣ್ಣ ಹಾಕಿದ ಜೆಲ್ ನೋಡಿದರೆ ಏನೂ ಆಗಿಲ್ಲ. ರೈಬೋಸೋಮ್‌ನ ಪ್ರೌಢ ಆರ್‌ಎನ್‌ಎಗಳಾದ 25ಎಸ್, 18ಎಸ್ ಎರಡೂ ಎಲ್ಲ ಲೇನ್‌ಗಳಲ್ಲೂ ಹೊಳೆಯುತ್ತವೆ, ಏಕೆಂದರೆ ಅವು ಸುಲಭಕ್ಕೆ ಕರಗುವ ಜಾತಿಯಲ್ಲ. ಅದೇ ಜೆಲ್ ಅನ್ನು ಮೆಂಬ್ರೇನ್‌ಗೆ ವರ್ಗಾಯಿಸಿ (ನಾರ್ದರ್ನ್ ವಿಧಾನ), ಪೂರ್ವರೂಪದಲ್ಲಿ ಮಾತ್ರ ಇರುವ ಐಟಿಎಸ್1 ತುಣುಕಿಗೆ ಪ್ರೋಬ್ ಹಾಕಿದರೆ, ಮೇಲ್ತುದಿಯ 35ಎಸ್ (ಅವೆರಡರ ಪೂರ್ವರೂಪ) ಬ್ಯಾಂಡ್ ಹದಿನೈದಿಪ್ಪತ್ತು ನಿಮಿಷದಲ್ಲಿ ಮಸುಕಾಗುತ್ತ ಹೋಗುತ್ತದೆ. ಟಿಆರ್‌ಎನ್‌ಎಗೂ ಪ್ರೌಢ ರೂಪ ನೋಡಬೇಡಿ, ಇಂಟ್ರಾನ್ ಇರುವ ಲ್ಯೂಸಿನ್ ಪೂರ್ವರೂಪಕ್ಕೆ ಪ್ರೋಬ್ ಹಾಕಿ. ಎಂಆರ್‌ಎನ್‌ಎಯಲ್ಲಿ ಒಟ್ಟು ಪ್ರಮಾಣ ಮೋಸ ಮಾಡುತ್ತದೆ. ತಯಾರಿ ಕುಗ್ಗಿದಾಗ ಕೋಶ ಒಡೆಯುವುದನ್ನೂ ನಿಧಾನಿಸುತ್ತದೆ. ಹೊಸದಾಗಿ ಗುರುತು ಹಚ್ಚಿದ್ದನ್ನೇ ಅಳೆಯಬೇಕು.

ಇನ್ನು ನೇರ-ಪರೋಕ್ಷದ ಜಗಳ. ಎರಡನೇ ಪಾಲಿಮರೇಸ್ ನಿಂತರೆ ರೈಬೋಸೋಮ್ ಪ್ರೋಟೀನ್‌ಗಳು ಕಮ್ಮಿಯಾಗಿ 35ಎಸ್ ಕೂಡ ಕೆಡುತ್ತದೆ ಅನ್ನುವುದು ಸಂಶಯಪಡುವವರ ವಾದ. ಎರಡನೇ ಪಾಲಿಮರೇಸ್‌ನಲ್ಲಿ ಮಾತ್ರ ಇರುವ ಆರ್‌ಪಿಬಿ1ಕ್ಕೆ ಡೆಗ್ರಾನ್ ಕಟ್ಟಿದ ತಳಿಯನ್ನು ಪಕ್ಕದಲ್ಲೇ ಓಡಿಸಿದೆ. ಅಲ್ಲಿಯೂ 35ಎಸ್ ಇಳಿಯಿತು, ಆದರೆ ಸ್ಪಷ್ಟವಾಗಿ ತಡವಾಗಿ. ಆ ನಡುವಿನ ಅಂತರವೇ ನನ್ನ ಉತ್ತರ. ಇದೊಂದು ತಳಿ ಕಟ್ಟದೆ ಈ ಉಪಘಟಕದ ಮೇಲೆ ಪೇಪರ್ ಬರೆಯುವವರನ್ನು ನಾನಂತೂ ನಂಬುವುದಿಲ್ಲ.

ಹಣದ ಮಾತು: ಎಲ್ಲ ಸಮಯಬಿಂದುಗಳನ್ನೂ ಸೀಕ್ವೆನ್ಸಿಂಗ್‌ಗೆ ಕಳಿಸಬೇಡಿ. ನಾರ್ದರ್ನ್‌ನಲ್ಲಿ ಅಗ್ಗವಾಗಿ ಸಮಯ ಪತ್ತೆಹಚ್ಚಿ, ಎರಡೋ ಮೂರೋ ಬಿಂದು ಮಾತ್ರ ಕಳಿಸಿ. ನನ್ನ ಖರ್ಚು ಹೆಚ್ಚುಕಮ್ಮಿ ಕಾಲುಭಾಗಕ್ಕೆ ಇಳಿಯಿತು.

ನಡುವೆ ಚಪಲಕ್ಕೆ ಮನುಷ್ಯನ ಆರ್‌ಪಿಬಿ6 ಹಾಕಿಯೂ ನೋಡಿದೆ. ಯೀಸ್ಟ್ ಬದುಕುತ್ತದೆ ಅನ್ನುವುದು ಹಳೆಯ ಸುದ್ದಿ. ನಾನು ನೋಡಿದ್ದು ಪ್ರತಿಲೇಖನದ ದೋಷ ಬಯಲು ಮಾಡುವ 6-ಅಜಾಯುರಾಸಿಲ್ ಪ್ಲೇಟಿನಲ್ಲಿ. ಸ್ವಲ್ಪ ಸೊರಗಿತು, ಬರೆಯುವಷ್ಟೇನಲ್ಲ. ಇ. ಕೋಲಿಯಲ್ಲಿ ಒಮೆಗಾ ಇಲ್ಲದೆಯೂ ನಡೆಯುತ್ತದೆ, ಯೀಸ್ಟ್‌ಗೆ ಆರ್‌ಪಿಬಿ6 ಇಲ್ಲದೆ ಬದುಕಿಲ್ಲ. ಒಮೆಗಾ ಹಿಡಿದಿಡುವುದು ಬೀಟಾ-ಪ್ರೈಮ್ ಎಂಬ ದೊಡ್ಡ ಉಪಘಟಕವನ್ನು, ಅದರ ಯೀಸ್ಟ್ ಬಂಧುವೇ ಆರ್‌ಪಿಬಿ1. ಡೆಗ್ರಾನ್ ತಳಿಯ ವೆಸ್ಟರ್ನ್‌ನಲ್ಲಿ (ಪ್ರೋಟೀನ್ ನೋಡುವ ಪರೀಕ್ಷೆ) ಆರ್‌ಪಿಬಿ6 ಹೋದ ಮೇಲೆ ಆರ್‌ಪಿಬಿ1 ಕೂಡ ನಿಧಾನಕ್ಕೆ ಇಳಿದದ್ದು ಇದಕ್ಕೆ ಹೊಂದುತ್ತದೆ.

ಬಾಲಕ್ಕೂ ಪ್ರೋಟೀನ್‌ಗೂ ನಡುವಿನ ಕೊಂಡಿ ಎಷ್ಟು ಉದ್ದ, ಕೋಶಗಳನ್ನು ಯಾವ ರೀತಿ ತಟ್ಟನೆ ನಿಲ್ಲಿಸಿದೆ ಎಂದು ಕೇಳಬೇಡಿ. ಪೇಪರ್ ಹೊರಬರುವವರೆಗೆ ಅವೆರಡು ನನ್ನಲ್ಲೇ ಇರಲಿ. ಈಗ ಮೂರರಲ್ಲೂ ಇರುವ ಇನ್ನೊಂದು ಉಪಘಟಕ ಆರ್‌ಪಿಬಿ5 ಹಿಡಿದಿದ್ದೇನೆ. ಅದರಲ್ಲಿ ಎನ್-ತುದಿಯ ಭಾಗ ಪಾಲಿಮರೇಸ್‌ನ ದವಡೆಯಾಗಿ ಹೊರಚಾಚಿದೆ, ಡಿಎನ್‌ಎ ಒಳಬರುವ ಕಡೆಗೇ. ಅಲ್ಲಿ ಬಾಲ ಕಟ್ಟಿದ ಮೊದಲ ತಳಿ 5-ಎಫ್‌ಒಎ ಪ್ಲೇಟಿನಲ್ಲಿ ಏಳಲೇ ಇಲ್ಲ. ಕೊಂಡಿ ಉದ್ದ ಮಾಡಿದ ಎರಡನೆಯದು ಸಣ್ಣ ಸಣ್ಣ ವಸಾಹತು ಕೊಟ್ಟಿದೆ.